ಮನಸ್ಸಿಲ್ಲದ ರಾತ್ರಿಗಳು: ದಾಂಪತ್ಯದಲ್ಲಿ ಕುಗ್ಗಿದ ಆಸಕ್ತಿಗೆ ಏನು ಮಾಡಬೇಕು?

ಚೆನ್ನೈಗೆ ಬಂದು ನೆಲೆಸಿದ ಕನ್ನಡದ ಗಂಡ-ಹೆಂಡತಿ ಊರಿಗೆ ಫೋನ್ ಮಾಡಿದಾಗ ಏನೆಲ್ಲ ಹೇಳಿಕೊಳ್ಳುತ್ತಾರೆ. ನೀರಿನ ಲಾರಿ ಎರಡು ದಿನದಿಂದ ಬಂದಿಲ್ಲ, ಮಗಳಿಗೆ ಶಾಲೆಯಲ್ಲಿ ತಮಿಳು ಕಷ್ಟವಾಗಿದೆ, ಕತ್ತರಿ ಬಿಸಿಲಿಗೆ ಮೈಯೆಲ್ಲ ಬೆವರುಸಾಲೆ. ಆದರೆ ‘ನಮ್ಮಿಬ್ಬರ ನಡುವೆ ತಿಂಗಳುಗಳಿಂದ ಏನೂ ಇಲ್ಲ’ ಎಂಬುದನ್ನು ಅಮ್ಮನಿಗೆ ಹೇಳುವಂತಿಲ್ಲ, ಗೆಳೆಯರಿಗೆ ಹೇಳುವಂತಿಲ್ಲ. ಕೊನೆಗೆ ಪಕ್ಕದಲ್ಲೇ ಮಲಗಿದವರಿಗೂ ಹೇಳುವುದಿಲ್ಲ. ಒಬ್ಬರು ‘ನನ್ನಲ್ಲೇ ಏನೋ ಕೆಟ್ಟಿದೆ’ ಎಂದುಕೊಳ್ಳುತ್ತಾರೆ. ಇನ್ನೊಬ್ಬರು ‘ನನ್ನ ಮೇಲಿನ ಪ್ರೀತಿ ಹೋಯಿತು’ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಎರಡೂ ತಪ್ಪು ಊಹೆ.

ಲೈಂಗಿಕ ಆಸಕ್ತಿ ಕುಗ್ಗುವುದು ಹೆಂಗಸರಲ್ಲೂ ಉಂಟು, ಗಂಡಸರಲ್ಲೂ ಉಂಟು. ಮದುವೆಯಾಗಿ ವರ್ಷ ತುಂಬದವರಲ್ಲೂ ಉಂಟು, ಮಕ್ಕಳು ಕಾಲೇಜಿಗೆ ಹೋದ ಮೇಲೂ ಉಂಟು. ಹುಡುಕಿದರೆ ಇದಕ್ಕೆ ಕಾರಣ ಸಿಗುತ್ತದೆ, ಬಹಳಷ್ಟು ಕಾರಣಗಳಿಗೆ ಪರಿಹಾರವೂ ಇದೆ. ನಿಮ್ಮ ಮನೆಯಲ್ಲಿ ಆ ಹುಡುಕಾಟವನ್ನು ಎಲ್ಲಿಂದ ಶುರುಮಾಡಬಹುದು, ಯಾವ ಹೆಜ್ಜೆಯ ನಂತರ ಯಾವುದು ಎಂಬುದನ್ನು ಇಲ್ಲಿ ನೋಡೋಣ.

ಯಾವಾಗ ಇದನ್ನು ತೊಂದರೆ ಎನ್ನಬೇಕು?

ವಾರಕ್ಕೆ ಇಷ್ಟು ಸಲ ಎಂಬ ಸರಿಯಾದ ಲೆಕ್ಕ ವೈದ್ಯಶಾಸ್ತ್ರದಲ್ಲಿ ಇಲ್ಲ. ತಿಂಗಳಿಗೊಮ್ಮೆ ಸೇರಿಯೂ ಇಬ್ಬರೂ ನೆಮ್ಮದಿಯಾಗಿದ್ದರೆ ಅಲ್ಲಿ ಕಾಯಿಲೆ ಹುಡುಕಬೇಕಾಗಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ರೋಗನಿರ್ಣಯ ಕೈಪಿಡಿ ಎರಡು ಮುಖ್ಯ ಷರತ್ತು ಇಡುತ್ತದೆ. ಆಸಕ್ತಿಯ ಕೊರತೆ ಸುಮಾರು 6 ತಿಂಗಳಾದರೂ ಮುಂದುವರಿದಿರಬೇಕು. ಅದರಿಂದ ಆ ವ್ಯಕ್ತಿಗೇ ಸಂಕಟವಾಗುತ್ತಿರಬೇಕು. ಪರೀಕ್ಷೆಯ ತಿಂಗಳು, ಮನೆಯಲ್ಲೊಂದು ಸಾವು, ಕೆಲಸ ಹೋದ ದಿನಗಳು ಇಂಥ ಕಾಲದಲ್ಲಿ ಮನಸ್ಸು ಆ ಕಡೆ ಹರಿಯದಿರುವುದು ಸಹಜ.

ಇಬ್ಬರ ಬಯಕೆಯ ಪ್ರಮಾಣ ಬೇರೆಬೇರೆ ಇರುವುದು ಕಾಯಿಲೆಯಲ್ಲ. ಒಬ್ಬರಿಗೆ ವಾರಕ್ಕೆ ಮೂರು ಸಲ ಬೇಕು, ಇನ್ನೊಬ್ಬರಿಗೆ ಹದಿನೈದು ದಿನಕ್ಕೊಮ್ಮೆ ಸಾಕು ಎಂದರೆ ಅದು ಇಬ್ಬರ ನಡುವಿನ ಅಂತರ. ಕಡಿಮೆ ಬೇಕೆನ್ನುವವರನ್ನು ರೋಗಿ ಎಂದು ಕರೆಯುವ ಹಾಗಿಲ್ಲ. ಬದುಕಿನುದ್ದಕ್ಕೂ ಇಂಥ ಆಸೆ ತೀರಾ ಕಡಿಮೆ ಇದ್ದು, ಅದರಿಂದ ಯಾವ ಸಂಕಟವೂ ಇಲ್ಲದವರಿದ್ದಾರೆ. ಅವರಿಗೆ ಬೇಕಾದದ್ದು ಸಂಗಾತಿಯ ಜೊತೆ ಬಿಚ್ಚುಮನಸ್ಸಿನ ಮಾತು. ಔಷಧದ ಅಗತ್ಯ ಇಲ್ಲ.

ಸ್ವಲ್ಪ ಹಿನ್ನೆಲೆ

ಈ ವಿಷಯವನ್ನು ಮನೆಮಾತಿನಲ್ಲಿ ಹೇಳಿದ ವೈದ್ಯರು ನಮ್ಮಲ್ಲೂ ಇದ್ದರು. ಕನ್ನಡದಲ್ಲಿ ವೈದ್ಯೆ-ಲೇಖಕಿ ಅನುಪಮಾ ನಿರಂಜನ ಬರೆದ ‘ವಧುವಿಗೆ ಕಿವಿಮಾತು’ ಎಷ್ಟೋ ಮದುಮಕ್ಕಳ ಕೈಸೇರಿತು. ಚೆನ್ನೈಯಲ್ಲಿ ಮನೋವೈದ್ಯ ಡಾ. ಮಾತೃಭೂತಂ ಅವರು ಡಾ. ಶರ್ಮಿಳಾ ಜೊತೆ ವಿಜಯ್ ಟಿವಿಯಲ್ಲಿ ನಡೆಸಿಕೊಟ್ಟ ‘ಪುದಿರಾ ಪುನಿದಮಾ’ ಕಾರ್ಯಕ್ರಮವನ್ನು ಇಲ್ಲಿನ ಹಳೆಯ ತಲೆಮಾರು ಇನ್ನೂ ನೆನೆಯುತ್ತದೆ.

ವಿಜ್ಞಾನದ ಕಡೆಯಿಂದ, ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು 1966ರಲ್ಲಿ ಸಂಭೋಗದ ವೇಳೆ ದೇಹದಲ್ಲಿ ಆಗುವ ಬದಲಾವಣೆಗಳನ್ನು ಹಂತಹಂತವಾಗಿ ವಿವರಿಸಿದರು. ಅದರಲ್ಲಿ ಬಯಕೆಯ ಪ್ರಸ್ತಾಪವೇ ಇರಲಿಲ್ಲ. 1970ರ ದಶಕದಲ್ಲಿ ಲೈಂಗಿಕ ಚಿಕಿತ್ಸಕಿ ಹೆಲೆನ್ ಸಿಂಗರ್ ಕಪ್ಲಾನ್ ಬಯಕೆಯನ್ನು ಬೇರೆಯೇ ಹಂತವೆಂದು ಗುರುತಿಸಿದರು. 2000ದಲ್ಲಿ ಕೆನಡಾದ ವೈದ್ಯೆ ರೋಸ್‌ಮರಿ ಬಾಸನ್ ಇನ್ನೊಂದು ಮಾತು ಸೇರಿಸಿದರು. ಅನೇಕರಲ್ಲಿ, ಅದರಲ್ಲೂ ಬಹುಕಾಲ ಜೊತೆಗಿರುವ ಹೆಂಗಸರಲ್ಲಿ, ಬಯಕೆ ಮೊದಲು ಹುಟ್ಟಿ ಆಮೇಲೆ ಸ್ಪರ್ಶವಾಗುವುದಿಲ್ಲ. ಹಿತವಾದ ಸ್ಪರ್ಶ ಮೊದಲು, ಬಯಕೆ ಆಮೇಲೆ.

ಇದು ಹೇಗೆ ಕೆಲಸ ಮಾಡುತ್ತದೆ?

ಅಮೆರಿಕದ ಕಿನ್ಸಿ ಸಂಸ್ಥೆಯ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ರೂಪಿಸಿದ ಸಿದ್ಧಾಂತದ ಪ್ರಕಾರ ಲೈಂಗಿಕ ಆಸಕ್ತಿಯ ಹಿಂದೆ ಎರಡು ವ್ಯವಸ್ಥೆಗಳಿವೆ: ಉದ್ರೇಕಿಸುವುದು ಒಂದು, ತಡೆಯುವುದು ಇನ್ನೊಂದು. ವಾಹನದ ಆಕ್ಸಿಲರೇಟರು ಮತ್ತು ಬ್ರೇಕು ಎಂದಿಟ್ಟುಕೊಳ್ಳಿ. ಆಸಕ್ತಿ ಕಡಿಮೆಯಾಯಿತು ಎಂದಾಗ ನಾವೆಲ್ಲ ಮಾಡುವುದು ಆಕ್ಸಿಲರೇಟರ್ ಒತ್ತುವುದನ್ನೇ. ಹೊಸ ಉಡುಪು, ಮಾತ್ರೆ, ಲೇಹ್ಯ, ಪಾಂಡಿಚೇರಿ ಪ್ರವಾಸ. ಬ್ರೇಕ್ ಮೇಲೆ ಕಾಲು ಹಾಗೇ ಇದ್ದರೆ ಎಷ್ಟು ಒತ್ತಿದರೂ ಗಾಡಿ ಮುಂದೆ ಹೋಗುವುದಿಲ್ಲ.

ಬ್ರೇಕ್ ಹೇಗೆ ಬೀಳುತ್ತದೆಂದು ನೋಡಲು ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಶೋಲಿಂಗನಲ್ಲೂರಿನ ಫ್ಲ್ಯಾಟು. ಮೈಸೂರಿನಿಂದ ಬಂದ ಅತ್ತೆ ಹಾಲ್‌ನಲ್ಲಿ ಮಲಗಿದ್ದಾರೆ. ಎಸಿ ಇರುವುದು ಬೆಡ್‌ರೂಮಿನಲ್ಲಿ ಮಾತ್ರ. ಅವರಿಗೂ ತಂಪು ಬರಲಿ ಎಂದು ಬಾಗಿಲು ಓರೆಯಾಗಿ ತೆರೆದೇ ಇದೆ. ಐದು ವರ್ಷದ ಮಗು ಇಬ್ಬರ ನಡುವೆ. ಗಂಡನಿಗೆ ಅಮೆರಿಕದ ಕ್ಲೈಂಟ್ ಜೊತೆಗಿನ ಕಾಲ್ ಮುಗಿದದ್ದು ರಾತ್ರಿ ಹನ್ನೊಂದೂವರೆಗೆ. ಹೆಂಡತಿ ದೋಸೆಹಿಟ್ಟು ರುಬ್ಬಿಟ್ಟು, ಬೆಳಗಿನ ಡಬ್ಬಿಗೆ ಬೀನ್ಸ್ ಹೆಚ್ಚಿಟ್ಟು ಆಗಷ್ಟೇ ಮಲಗಿದ್ದಾಳೆ. ಅವನು ಹೆಗಲ ಮೇಲೆ ಕೈ ಇಡುತ್ತಾನೆ. ಅವಳ ಮೈ ಸೆಟೆಯುತ್ತದೆ. ಅವನ ಮೇಲೆ ಪ್ರೀತಿ ಇದ್ದೇ ಇದೆ. ಆದರೆ ಆ ಕೈಗೆ ಈಚೆಗೆ ಒಂದೇ ಅರ್ಥ ಉಳಿದಿದೆ. ಬೇಡವೆಂದರೆ ಮುನಿಸು, ಹೂಂ ಎಂದರೆ ಆಯಾಸ. ಹಾಗಾಗಿ ಅವಳು ಕೈಯನ್ನೇ ತಪ್ಪಿಸಲು ಕಲಿಯುತ್ತಾಳೆ. ಕೆಲವು ವಾರ ಕಳೆದ ಮೇಲೆ ಅವನೂ ಕೈ ಇಡುವುದನ್ನು ಬಿಡುತ್ತಾನೆ.

ಗಂಡು-ಹೆಣ್ಣು ಅದಲುಬದಲಾದರೂ ಕಥೆ ಇದೇ. ಒಮ್ಮೆ ನಿಮಿರುವಿಕೆ ಕೈಕೊಟ್ಟ ಗಂಡಸು ‘ಮತ್ತೆ ಹಾಗಾದರೆ?’ ಎಂಬ ಹೆದರಿಕೆಯಲ್ಲಿ ಹೆಂಡತಿ ನಿದ್ದೆಹೋಗುವವರೆಗೂ ಟಿವಿ ಮುಂದೆ ಕೂರುತ್ತಾನೆ. ಮಗುವಿಗಾಗಿ ಚಿಕಿತ್ಸೆ ಪಡೆಯುವವರಿಗೆ ಡಾಕ್ಟರು ದಿನ ಗೊತ್ತುಮಾಡಿರುತ್ತಾರೆ. ಊರಿನ ದೊಡ್ಡಮ್ಮ ಫೋನಿನಲ್ಲಿ ‘ಏನಾದ್ರೂ ವಿಶೇಷ ಉಂಟಾ?’ ಎಂದು ಕೇಳುತ್ತಾರೆ. ಕ್ಯಾಲೆಂಡರ್ ನೋಡಿ ಸೇರುವ ಆ ದಿನಗಳಲ್ಲಿ ಸುಖ ಹೋಗಿ ಕರ್ತವ್ಯ ಉಳಿಯುತ್ತದೆ.

ಇವೆಲ್ಲಕ್ಕೂ ಮೂಲ ಒಂದೇ. ಸ್ಪರ್ಶಕ್ಕೆ ಬಾಧ್ಯತೆ ಅಂಟಿಕೊಂಡ ಮನೆಯಲ್ಲಿ ಬಯಕೆ ಹುಟ್ಟುವುದಿಲ್ಲ. ಕೆಳಗಿನ ಹೆಜ್ಜೆಗಳ ಗುರಿ ಮೊದಲು ದೇಹದ ಕಾರಣಗಳನ್ನು ನೋಡಿಕೊಳ್ಳುವುದು, ಆಮೇಲೆ ಆ ಅಂಟನ್ನು ಬಿಡಿಸುವುದು.

ಹೆಜ್ಜೆ ಹೆಜ್ಜೆಯಾಗಿ

1. ಮೊದಲು ದೇಹ ನೋಡಿಸಿಕೊಳ್ಳಿ

ಮನಸ್ಸಿನ ಮೇಲೆ ತಪ್ಪು ಹೊರಿಸುವ ಮುಂಚೆ ಫ್ಯಾಮಿಲಿ ಡಾಕ್ಟರ್ ಬಳಿ ಹೋಗಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ರಕ್ತಹೀನತೆ, ಖಿನ್ನತೆ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಕೆ ಇವೆಲ್ಲ ಆಸಕ್ತಿಯನ್ನು ಕುಗ್ಗಿಸಬಲ್ಲವು. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಐಸಿಎಂಆರ್ ಜೊತೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದು ನರ ಮತ್ತು ರಕ್ತನಾಳ ಎರಡನ್ನೂ ಬಾಧಿಸುವುದರಿಂದ ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಬರುತ್ತದೆ, ಹೆಂಗಸರಲ್ಲಿ ಯೋನಿ ಒಣಗುವುದು, ಸೋಂಕು ಮರುಕಳಿಸುವುದು ಆಗುತ್ತದೆ. ತೊಂದರೆ ಕೊಡುವ ವಿಷಯದಿಂದ ಮನಸ್ಸು ದೂರ ಸರಿಯುತ್ತದೆ.

ಎಚ್‌ಬಿಎ1ಸಿ, ಟಿಎಸ್‌ಎಚ್, ಹಿಮೋಗ್ಲೋಬಿನ್ ಸಕ್ಕರೆ, ಥೈರಾಯ್ಡ್, ರಕ್ತಹೀನತೆಗೆ ಸಾಮಾನ್ಯವಾಗಿ ಮೊದಲು ನೋಡುವ ಪರೀಕ್ಷೆಗಳು. ಗಂಡಸರಿಗೆ ಟೆಸ್ಟೋಸ್ಟಿರೋನ್ ನೋಡಬೇಕಾದರೆ ರಕ್ತವನ್ನು ಬೆಳಿಗ್ಗೆ ಕೊಡಬೇಕು. ಫಲಿತಾಂಶ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಸಂಜೆ ಕೊಟ್ಟ ಒಂದೇ ಸ್ಯಾಂಪಲ್ ನೋಡಿ ತೀರ್ಮಾನ ಬೇಡ.

2. ಮಾತ್ರೆಗಳ ಪಟ್ಟಿ ಮಾಡಿ

ಖಿನ್ನತೆ-ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್, ಕೆಲವು ಬಿ.ಪಿ. ಮಾತ್ರೆಗಳು, ಕೂದಲು ಉದುರುವುದಕ್ಕೆ ನುಂಗುವ ಫಿನಾಸ್ಟರೈಡ್, ರಿಸ್ಪೆರಿಡೋನ್ ಥರದ ಮನೋರೋಗದ ಔಷಧಗಳು ಕೆಲವರಲ್ಲಿ ಆಸಕ್ತಿಯನ್ನೋ ಉದ್ರೇಕವನ್ನೋ ತಗ್ಗಿಸುತ್ತವೆ. ಗರ್ಭನಿರೋಧಕ ಮಾತ್ರೆಯಿಂದಲೂ ಕೆಲವು ಹೆಂಗಸರಿಗೆ ಹೀಗಾಗುವುದುಂಟು. ಮಾತ್ರೆ ಶುರುವಾದದ್ದು ಯಾವಾಗ, ಆಸಕ್ತಿ ಕುಗ್ಗಿದ್ದು ಯಾವಾಗ ಎಂದು ಪಕ್ಕಪಕ್ಕ ಬರೆದು ಡಾಕ್ಟರಿಗೆ ತೋರಿಸಿ. ಪ್ರಮಾಣ ತಗ್ಗಿಸುವುದು, ಬೇರೆ ಮಾತ್ರೆಗೆ ಬದಲಿಸುವುದು ಅವರ ಕೈಯಲ್ಲಿದೆ. ನೀವಾಗಿಯೇ ನಿಲ್ಲಿಸಬೇಡಿ; ಬಿ.ಪಿ. ಮಾತ್ರೆ, ಖಿನ್ನತೆಯ ಮಾತ್ರೆ ಎರಡನ್ನೂ ಥಟ್ಟನೆ ಬಿಡುವುದು ಅಪಾಯ.

3. ನಿದ್ದೆಯ ಲೆಕ್ಕ ಸರಿಮಾಡಿ

ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಂತ ಯುವಕರಿಗೆ ಸುಮಾರು ಒಂದು ವಾರ ರಾತ್ರಿ 5 ಗಂಟೆ ಮಾತ್ರ ನಿದ್ದೆ ಮಾಡಲು ಬಿಟ್ಟರು. ಹಗಲಿನ ಟೆಸ್ಟೋಸ್ಟಿರೋನ್ ಮಟ್ಟ ಶೇ 10ರಿಂದ 15ರಷ್ಟು ಇಳಿಯಿತು. ಕಾಲೇಜಿನ 171 ಹುಡುಗಿಯರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚು ಹೊತ್ತು ಮಲಗಿದ ರಾತ್ರಿಯ ಮರುದಿನ ಆಸಕ್ತಿಯೂ ಹೆಚ್ಚಿದ್ದದ್ದು ಕಂಡುಬಂತು. ಸಿರುಸೇರಿ, ತರಮಣಿಯ ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಾಳಿ ಬದಲಿಸಲಾಗದಿದ್ದರೆ ಹಗಲಿನ ನಿದ್ದೆಗಾದರೂ ದಪ್ಪ ಪರದೆ, ಸೈಲೆಂಟ್ ಫೋನ್, ನಿಗದಿತ ಹೊತ್ತು ಇರಲಿ. ಜೋರು ಗೊರಕೆ, ಎದ್ದ ಮೇಲೂ ಹೋಗದ ಸುಸ್ತು ಇದ್ದರೆ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದು ನೋಡಿಸಿ.

4. ಬಾಗಿಲಿಗೆ ಒಂದು ಚಿಲಕ, ಮಗುವಿಗೆ ಒಂದು ಹಾಸಿಗೆ

ಯಾರಾದರೂ ಬಂದಾರೆಂಬ ಭಯಕ್ಕಿಂತ ಗಟ್ಟಿ ಬ್ರೇಕು ಇಲ್ಲ. ಹಾಲ್‌ಗೂ ಒಂದು ಎಸಿಯೋ ಒಳ್ಳೆಯ ಫ್ಯಾನೋ ಹಾಕಿಸಿದರೆ ಬೆಡ್‌ರೂಮಿನ ಬಾಗಿಲು ಮುಚ್ಚಬಹುದು. ಚಿಲಕ ಸರಿಯಾಗಿ ಬೀಳುವಂತೆ ಮಾಡಿಸಿ. ಮಗುವಿಗೆ ಅದೇ ಕೋಣೆಯಲ್ಲಾದರೂ ಬೇರೆ ಹಾಸಿಗೆ ಅಭ್ಯಾಸ ಮಾಡಿಸಿ; ಅಜ್ಜಿ ಬಂದಾಗ ಅಜ್ಜಿಯ ಜೊತೆ ಕಥೆ ಕೇಳುತ್ತ ಮಲಗಲಿ. ಹಿರಿಯರು ಸಂಜೆ ದೇವಸ್ಥಾನಕ್ಕೋ ಪಾರ್ಕಿಗೋ ಹೋಗುವ ಒಂದು ಗಂಟೆ, ಮಗು ಡ್ರಾಯಿಂಗ್ ಕ್ಲಾಸಿಗೆ ಹೋಗುವ ಭಾನುವಾರದ ಹೊತ್ತು ನಿಮ್ಮದಾಗಲಿ. ಇಂಥದ್ದು ರಾತ್ರಿಯೇ ಆಗಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ದಿನವಿಡೀ ದುಡಿದ ಮೈಗೆ ರಾತ್ರಿ ಹನ್ನೆರಡು ಅತ್ಯಂತ ಕೆಟ್ಟ ಹೊತ್ತು.

5. ಮನೆಗೆಲಸ ಹಂಚಿಕೊಳ್ಳಿ

ಇದು ಇಲ್ಲೇಕೆ ಬಂತು ಎನ್ನಬೇಡಿ. ‘ನಾಳೆ ಗ್ಯಾಸ್ ಬುಕ್ ಮಾಡಬೇಕು, ಸ್ಕೂಲ್ ಫೀಸಿಗೆ ಕೊನೆ ದಿನ, ನೀರಿನ ಕ್ಯಾನ್ ಖಾಲಿ’ ಎಂದು ತಲೆಯೊಳಗೆ ಪಟ್ಟಿ ಓಡುತ್ತಿರುವವರಿಗೆ ಮೈಯ ಸುಖದ ಕಡೆ ಗಮನ ಬರುವುದಿಲ್ಲ. ‘ಏನಾದ್ರೂ ಹೆಲ್ಪ್ ಬೇಕಾ?’ ಎಂದು ಕೇಳುವುದರಿಂದ ಪಟ್ಟಿ ಕಡಿಮೆಯಾಗದು, ಏನು ಬೇಕೆಂದು ಹೇಳುವ ಕೆಲಸ ಇನ್ನೊಂದು ಸೇರುತ್ತದೆ. ರಾತ್ರಿಯ ಪಾತ್ರೆ, ಬೆಳಗಿನ ಡಬ್ಬಿ, ನೀರು, ಗ್ಯಾಸು ಇವುಗಳಲ್ಲಿ ಎರಡನ್ನಾದರೂ ಪೂರ್ತಿಯಾಗಿ, ನೆನಪಿಡುವ ಹೊಣೆಯೂ ಸೇರಿದಂತೆ, ವಹಿಸಿಕೊಳ್ಳಿ.

6. ಹಾಸಿಗೆಯ ಹೊರಗೆ ಮಾತಾಡಿ

ಹಾಸಿಗೆಯಲ್ಲಿ, ಅದರಲ್ಲೂ ಒಬ್ಬರು ಈಗಷ್ಟೇ ಬೇಡವೆಂದ ಹೊತ್ತಿನಲ್ಲಿ ಈ ಮಾತು ತೆಗೆದರೆ ಜಗಳವೇ ಗತಿ. ನಡೆಯುವಾಗ ಮಾತಾಡಿ. ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಪಕ್ಕಪಕ್ಕ ನಡೆಯುವಾಗ ಮುಖಕ್ಕೆ ಮುಖ ಕೊಡಬೇಕಾದ ಮುಜುಗರ ಇರುವುದಿಲ್ಲ. ಸುತ್ತಲಿನವರಿಗೆ ಕನ್ನಡ ಬಾರದಿರುವುದು ಇಲ್ಲಿ ಒಂದು ಅನುಕೂಲ! ಅರ್ಧ ಗಂಟೆ ಸಾಕು. ದೂರಿನಿಂದ ಶುರುಮಾಡಬೇಡಿ. ಹೀಗೆ ಹೇಳಿ ನೋಡಿ:

“ರೀ, ಇವತ್ತು ಬೇಡ ಅಂದ್ರೆ ನೀವು ಬೇಡ ಅಂತಲ್ಲ. ಸುಸ್ತಾಗಿರುತ್ತೆ ಅಷ್ಟೆ.”

“ನಂಗೆ ಬೇಕು ಅನ್ನಿಸೋದು ನಿಧಾನ ಕಣೇ. ಸ್ವಲ್ಪ ಹೊತ್ತು ಸುಮ್ನೆ ಜೊತೇಲಿ ಮಲಗಿದ್ರೆ ಬರುತ್ತೆ.”

“ನೀವು ಬೆನ್ನು ಸವರಿದ್ರೆ ಹಿತ ಅನ್ಸತ್ತೆ. ಆದ್ರೆ ಪ್ರತಿ ಸಲ ಅದು ಮುಂದಕ್ಕೇ ಹೋಗ್ಬೇಕು ಅಂತಿಲ್ಲ ಅಲ್ವಾ?”

ಬೇಡವೆಂದವರು ಇನ್ನೊಂದು ಹೊತ್ತನ್ನು ತಾವೇ ಸೂಚಿಸುವುದು ಒಳ್ಳೆಯ ರೂಢಿ: “ಭಾನುವಾರ ಮಧ್ಯಾಹ್ನ ನೋಡೋಣ್ವಾ?” ಹಾಗೆಂದ ಮೇಲೆ ಭಾನುವಾರ ಮನಸ್ಸಿಲ್ಲದಿದ್ದರೆ ಅದನ್ನೂ ಹೇಳುವ ಸ್ವಾತಂತ್ರ್ಯ ಇರಬೇಕು.

7. ಗುರಿಯಿಲ್ಲದ ಸ್ಪರ್ಶ: ನಾಲ್ಕು ವಾರದ ಅಭ್ಯಾಸ

ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ತಮ್ಮ ಎರಡನೆಯ ಪುಸ್ತಕದಲ್ಲಿ ವಿವರಿಸಿದ ಈ ವಿಧಾನವನ್ನು ಲೈಂಗಿಕ ಚಿಕಿತ್ಸಕರು ಇಂದಿಗೂ ಬಳಸುತ್ತಾರೆ. ಇದರ ಕೀಲಿಕೈ ಇರುವುದು ನಿಷೇಧದಲ್ಲಿ. ಮೊದಲ ಹಂತದಲ್ಲಿ ಸಂಭೋಗ ಬೇಡವೇ ಬೇಡ ಎಂದು ಇಬ್ಬರೂ ಒಪ್ಪಿಕೊಂಡರೆ ‘ಇದು ಎಲ್ಲಿಗೆ ಹೋಗುತ್ತದೋ’ ಎಂಬ ಕಾತರ, ‘ಆಗದಿದ್ದರೆ?’ ಎಂಬ ಭಯ ಎರಡೂ ಇಳಿಯುತ್ತವೆ. ಆಗ ಸ್ಪರ್ಶ ಸ್ಪರ್ಶವಾಗಿಯೇ ಹಿತ ಕೊಡಲು ಶುರುವಾಗುತ್ತದೆ.

ಮೊದಲ ವಾರ: ವಾರಕ್ಕೆ ಎರಡು-ಮೂರು ಸಲ, ಒಬ್ಬೊಬ್ಬರಿಗೆ 15 ನಿಮಿಷ. ಒಬ್ಬರು ಮಲಗಲಿ, ಇನ್ನೊಬ್ಬರು ಅವರ ಬೆನ್ನು, ತೋಳು, ಅಂಗಾಲು, ತಲೆ, ಮುಖ ಸವರಲಿ. ಸ್ತನ ಮತ್ತು ಜನನಾಂಗ ಮುಟ್ಟುವಂತಿಲ್ಲ. ಆಮೇಲೆ ಪಾತ್ರ ಬದಲಿಸಿ. ಬೆಚ್ಚಗೆ, ನುಣುಪು, ಒರಟು, ಕಚಗುಳಿ ಏನು ಅನ್ನಿಸುತ್ತದೋ ಅದರ ಕಡೆ ಗಮನವಿರಲಿ. ಉದ್ರೇಕ ಆಯಿತೋ ಇಲ್ಲವೋ ಎಂದು ತಪಾಸಣೆ ಮಾಡಬೇಡಿ.

ಎರಡನೆಯ ವಾರ: ಅದನ್ನೇ ಮುಂದುವರಿಸಿ. ಮಲಗಿದವರು ಸವರುವವರ ಕೈಯ ಮೇಲೆ ತಮ್ಮ ಕೈಯಿಟ್ಟು ಎಲ್ಲಿ, ಎಷ್ಟು ಒತ್ತಿ ಎಂದು ತೋರಿಸಲಿ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವವರಿಗೆ ಇದು ಸುಲಭದ ದಾರಿ.

ಮೂರನೆಯ ವಾರ: ಇಡೀ ಮೈ ಸೇರಿಕೊಳ್ಳಲಿ. ಸಂಭೋಗದ ನಿಷೇಧ ಹಾಗೇ ಇರಲಿ.

ನಾಲ್ಕನೆಯ ವಾರ: ಇಬ್ಬರೂ ಒಟ್ಟಿಗೆ. ಇಬ್ಬರಿಗೂ ಬೇಕೆನ್ನಿಸಿದರೆ ಮಾತ್ರ ಮುಂದಕ್ಕೆ.

ಯಾವ ಹಂತದಲ್ಲಾದರೂ ಕಿರಿಕಿರಿಯಾದರೆ ಹಿಂದಿನ ಹಂತಕ್ಕೆ ಮರಳಿ. ಮೊದಲೆರಡು ಸಲ ನಗು ಬರುವುದು, ಮುಜುಗರವಾಗುವುದು ಇದ್ದದ್ದೇ. ನಿಷೇಧವನ್ನು ಮಾತ್ರ ಮುರಿಯಬೇಡಿ. ‘ಮೂಡ್ ಬಂತಲ್ಲ, ಇನ್ನೇನು’ ಎಂದು ಮೊದಲ ವಾರದಲ್ಲೇ ಮುಂದುವರಿದರೆ ಇದೂ ಹಳೆಯ ಕೈಯೇ ಎಂದು ಮೈ ಗುರುತಿಸಿಬಿಡುತ್ತದೆ.

8. ನೋವಿದ್ದರೆ ಅಲ್ಲೇ ನಿಲ್ಲಿಸಿ

ನೋಯುವ ಕೆಲಸದ ಮೇಲೆ ಯಾರಿಗೂ ಆಸೆ ಹುಟ್ಟುವುದಿಲ್ಲ. ಹಾಲೂಡಿಸುವ ತಾಯಂದಿರಲ್ಲಿ ಈಸ್ಟ್ರೋಜನ್ ಕಡಿಮೆ ಇರುವುದರಿಂದ ಯೋನಿ ಒಣಗಿರುತ್ತದೆ. ಭಾರತದ ಹೆಂಗಸರಿಗೆ ಸರಾಸರಿ 46–47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ, ಆಗಲೂ ಇದೇ ತೊಂದರೆ. ನೀರು ಆಧಾರಿತ ಲ್ಯೂಬ್ರಿಕೆಂಟ್ ಜೆಲ್ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಕೊಬ್ಬರಿಎಣ್ಣೆ ಬಳಸುವವರು ನೆನಪಿಡಿ, ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿಯಬಹುದು. ಮುಟ್ಟು ನಿಂತವರಿಗೆ ಹಚ್ಚಿಕೊಳ್ಳುವ ಈಸ್ಟ್ರೋಜನ್ ಕ್ರೀಮ್ ಇದೆ, ಸ್ತ್ರೀರೋಗ ತಜ್ಞರನ್ನು ಕೇಳಿ. ಮದುವೆಯಾದಾಗಿನಿಂದಲೂ ನೋವಿದ್ದರೆ, ಒಳಗಿನ ಸ್ನಾಯು ಬಿಗಿದುಕೊಂಡು ಸಂಭೋಗವೇ ಸಾಧ್ಯವಾಗದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ‘ಹೋಗ್ತಾ ಹೋಗ್ತಾ ಸರಿಹೋಗುತ್ತೆ’ ಎಂಬ ಮಾತನ್ನು ನಂಬಿ ವರ್ಷ ಕಳೆಯಬೇಡಿ.

ಬಾಣಂತನದ ನಂತರ

ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋದವರು ಮೂರೋ ಐದೋ ತಿಂಗಳು ಅಲ್ಲೇ ಇರುತ್ತಾರೆ. ಹೆಂಡತಿ ಶಿವಮೊಗ್ಗದಲ್ಲಿ, ಗಂಡ ಚೆನ್ನೈಯಲ್ಲಿ. ಮಗುವಿನ ಮುಖ ನೋಡಲು ಅವನು ವಾರಾಂತ್ಯಕ್ಕೆ ರೈಲು ಹತ್ತುತ್ತಾನೆ. ಅವಳು ಹಿಂತಿರುಗಿ ಬಂದಾಗ ಇಬ್ಬರೂ ಬದಲಾಗಿರುತ್ತಾರೆ. ಹೆರಿಗೆಯಾಗಿ ಸುಮಾರು 6 ವಾರ ಕಾಯಿರಿ ಎಂದು ಡಾಕ್ಟರು ಹೇಳುವುದು ಗಾಯ ಮಾಯಲೆಂದು. 6 ವಾರಕ್ಕೆ ಮನಸ್ಸೂ ಸಿದ್ಧವಾಗಿರಬೇಕೆಂದು ಅದರ ಅರ್ಥವಲ್ಲ. ದಿನವಿಡೀ ಮಗು ಮೈಮೇಲಿರುವ ತಾಯಿಗೆ ಸಂಜೆ ಇನ್ನೊಬ್ಬರ ಕೈ ಸೋಕುವುದೇ ಬೇಡವೆನಿಸಬಹುದು. ರಾತ್ರಿಯ ಒಂದು ಸರದಿಯಲ್ಲಿ ಮಗುವನ್ನು ಗಂಡ ನೋಡಿಕೊಂಡರೆ ಅವಳ ನಿದ್ದೆಗೂ ಒಳ್ಳೆಯದು, ಇಬ್ಬರ ನಂಟಿಗೂ ಒಳ್ಳೆಯದು. ಕಾರಣವಿಲ್ಲದ ಅಳು, ಮಗುವಿನ ಮೇಲೂ ನಿರಾಸಕ್ತಿ ಎರಡು ವಾರ ಮೀರಿದರೆ ಅದು ಬಾಣಂತಿ ಖಿನ್ನತೆ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ತಾನಾಗಿ ಮನಸ್ಸು ಬರಲಿ ಎಂದು ಕಾಯುವುದು. ಮದುವೆಯ ಹೊಸತರಲ್ಲಿ ಬಂದಂತೆ ಅದು ಮೊದಲೇ ಬಂದು ಬಾಗಿಲು ತಟ್ಟಬೇಕೆಂದಿಲ್ಲ. ಹೊತ್ತು ಗೊತ್ತುಮಾಡಿಕೊಳ್ಳುವುದು ನಾಟಕೀಯ ಎನಿಸಿದರೂ ಫಲ ಕೊಡುತ್ತದೆ. ಗೊತ್ತುಮಾಡುವುದು ಜೊತೆಗಿರುವ ಹೊತ್ತನ್ನು ಮಾತ್ರ, ಸಂಭೋಗವನ್ನಲ್ಲ.

• ಲೆಕ್ಕ ಇಡುವುದು. ‘ಕಳೆದ ಸಲ ಯುಗಾದಿಗೆ ಮುಂಚೆ’ ಎಂಬ ಮಾತು ಚುಚ್ಚುತ್ತದೆ, ಯಾರ ಮನಸ್ಸನ್ನೂ ಹತ್ತಿರ ತರುವುದಿಲ್ಲ.

• ಬೇಸರ ತಪ್ಪಿಸಲು ಪ್ರತಿ ಸಲವೂ ಹೂಂ ಎನ್ನುವುದು. ಮನಸ್ಸಿಲ್ಲದೆ ಒಪ್ಪಿದ ಸಲಗಳು ಸೇರಿ ಸೇರಿ ಮುಂದಿನ ನಿರಾಸಕ್ತಿಗೆ ಗೊಬ್ಬರವಾಗುತ್ತವೆ.

• ಅನುಮಾನ. ಆಸಕ್ತಿ ಕಡಿಮೆಯಾದ ಮಾತ್ರಕ್ಕೆ ಹೊರಗೆ ಇನ್ನಾರೋ ಇದ್ದಾರೆಂದು ಫೋನ್ ತಡಕುವವರಿದ್ದಾರೆ. ಥೈರಾಯ್ಡ್ ಪರೀಕ್ಷೆ ಅದಕ್ಕಿಂತ ಅಗ್ಗ, ಉತ್ತರ ಕೊಡುವ ಸಂಭವವೂ ಹೆಚ್ಚು.

• ಧೈರ್ಯಕ್ಕೆಂದು ಟಾಸ್ಮಾಕ್‌ ಬಾಟಲಿ. ಮದ್ಯ ಸಂಕೋಚ ಕಳೆಯುತ್ತದೆ ನಿಜ, ನಿಮಿರುವಿಕೆಯನ್ನೂ ಕಳೆಯುತ್ತದೆ. ವರ್ಷಗಟ್ಟಲೆ ಅತಿಯಾಗಿ ಕುಡಿದರೆ ಹಾರ್ಮೋನಿಗೂ ಪೆಟ್ಟು.

• ಮೊಬೈಲಿನ ವಿಡಿಯೊಗಳ ಜೊತೆ ಹೋಲಿಕೆ. ಅಲ್ಲಿರುವುದು ಕತ್ತರಿಸಿ ಜೋಡಿಸಿದ ನಟನೆ.

ಎಚ್ಚರ

ಚೆನ್ನೈಯ ಗೋಡೆ, ರೈಲ್ವೆ ನಿಲ್ದಾಣದ ಕಂಬ, ತಡರಾತ್ರಿಯ ಟಿವಿ ಎಲ್ಲೆಲ್ಲೂ ‘ಪುರುಷತ್ವ’ದ ಜಾಹೀರಾತು ಕಾಣಿಸುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಔಷಧ ಜಾಹೀರಾತು ಕಾಯ್ದೆ ನಿಷೇಧಿಸಿದೆ. ಕಾನೂನು ಮುರಿದು ಕರೆಯುವವರ ಕೈಗೆ ನಮ್ಮ ಆರೋಗ್ಯ ಒಪ್ಪಿಸುವುದು ಹೇಗೆ? ಲಾಡ್ಜಿನಲ್ಲಿ ಒಂದು ದಿನ ಕೂತು ನೋಡುವ ‘ವೈದ್ಯರು’, ಲೇಬಲ್ ಇಲ್ಲದ ಪೊಟ್ಟಣ, ಆನ್‌ಲೈನಿನಲ್ಲಿ ಮಾರುವ ಕ್ಯಾಪ್ಸೂಲ್ ಇವುಗಳಿಂದ ದೂರವಿರಿ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಔಷಧವನ್ನು ಕದ್ದು ಬೆರೆಸಿದ್ದು, ಸೀಸ-ಪಾದರಸ ಇದ್ದದ್ದು ಹಲವು ಸಲ ಪತ್ತೆಯಾಗಿದೆ. ಸಿದ್ಧವೈದ್ಯದಲ್ಲಿ ನಂಬಿಕೆ ಇದ್ದರೆ ತಾಂಬರಂ ಸ್ಯಾನಟೋರಿಯಂನಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿದ್ಧ ಸಂಸ್ಥೆ ಇದೆ, ಅರುಂಬಾಕ್ಕಂನಲ್ಲಿ ರಾಜ್ಯ ಸರ್ಕಾರದ ಅರಿಜ್ಞರ್ ಅಣ್ಣಾ ಆಸ್ಪತ್ರೆ ಇದೆ.

ಸಿಲ್ಡೆನಾಫಿಲ್ ಮಾತ್ರೆ ರಕ್ತದ ಹರಿವನ್ನು ಹೆಚ್ಚಿಸುತ್ತದೆ, ಬಯಕೆ ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ಟೆಸ್ಟೋಸ್ಟಿರೋನ್ ಇಂಜೆಕ್ಷನ್ ವೀರ್ಯಾಣುಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ಮಗು ಬೇಕೆನ್ನುವವರು ಜಿಮ್ಮಿನ ಗೆಳೆಯರ ಮಾತು ಕೇಳಿ ಹಾಕಿಸಿಕೊಳ್ಳಬಾರದು. ಸ್ವಪ್ನಸ್ಖಲನದಿಂದಲೋ ಹಸ್ತಮೈಥುನದಿಂದಲೋ ಶಕ್ತಿ ಸೋರಿ ಆಸಕ್ತಿ ಹೋಯಿತೆಂಬುದು ಭಯ ಮಾರಿ ಬದುಕುವವರ ಕಟ್ಟುಕಥೆ.

ಇನ್ನೊಂದು, ನಿಮಿರುವಿಕೆಯ ತೊಂದರೆ ಹೃದಯದ ರಕ್ತನಾಳಗಳ ಕಾಯಿಲೆಗೆ ಮುನ್ಸೂಚನೆ ಆಗಿರಬಹುದು. ನಾಚಿಕೊಂಡು ಮುಚ್ಚಿಟ್ಟರೆ ಎದೆಯ ಪರೀಕ್ಷೆಯೂ ತಪ್ಪಿಹೋಗುತ್ತದೆ.

ಒತ್ತಾಯ ಎಂದೂ ಪರಿಹಾರವಲ್ಲ. ಮದುವೆಯೊಳಗಿನ ಲೈಂಗಿಕ ದೌರ್ಜನ್ಯವೂ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹೆದರಿಕೆ, ಹೊಡೆತ, ಬಲವಂತ ಇರುವ ಮನೆಯಲ್ಲಿ ಆಸಕ್ತಿ ಇಲ್ಲದಿರುವುದು ಸಹಜ ಪ್ರತಿಕ್ರಿಯೆ. ಅಂಥವರು ಈ ಲೇಖನದ ಅಭ್ಯಾಸಗಳನ್ನು ಬಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ಯಾರ ಬಳಿ ಹೋಗಬೇಕು? ಏನು ಹೇಳಬೇಕು?

ದೇಹದ ಕಾರಣಗಳಿಗೆ ಫ್ಯಾಮಿಲಿ ಡಾಕ್ಟರ್, ಹಾರ್ಮೋನು ತಜ್ಞರು, ಸ್ತ್ರೀರೋಗ ತಜ್ಞರು ಅಥವಾ ಯೂರಾಲಜಿಸ್ಟ್. ಖಿನ್ನತೆ, ಆತಂಕ, ಜಗಳಗಳಿಗೆ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಸರ್ಕಾರಿ ವ್ಯವಸ್ಥೆಯಲ್ಲಿ ಎಗ್ಮೋರಿನ ಸ್ತ್ರೀರೋಗ ಆಸ್ಪತ್ರೆ, ಸೆಂಟ್ರಲ್ ಎದುರಿನ ರಾಜೀವ್ ಗಾಂಧಿ ಆಸ್ಪತ್ರೆ, ಕೀಲ್ಪಾಕಿನ ಮಾನಸಿಕ ಆರೋಗ್ಯ ಸಂಸ್ಥೆ ಇವೆ. ಇಂಥದ್ದನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಲು ನಾಲಿಗೆ ಹೊರಳದಿದ್ದರೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅದು ಉಚಿತ, ಕನ್ನಡವನ್ನು ಆರಿಸಿಕೊಳ್ಳಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಬೆಂಗಳೂರಿನ ಕನ್ನಡ ಬಲ್ಲ ವೈದ್ಯರನ್ನು ಚೆನ್ನೈಯಿಂದಲೇ ವಿಡಿಯೊ ಕರೆಯಲ್ಲಿ ಕಾಣುವುದಕ್ಕೂ ಅಡ್ಡಿಯಿಲ್ಲ.

ಡಾಕ್ಟರ ಮುಂದೆ ಕೂತಾಗ ಮಾತು ಹೊರಡದಿರಬಹುದು. ಆದ್ದರಿಂದ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ:

1. ಯಾವಾಗಿನಿಂದ? ಮೊದಲು ಹೇಗಿತ್ತು?
2. ಮನಸ್ಸೇ ಇಲ್ಲವೇ, ಮನಸ್ಸಿದ್ದೂ ದೇಹ ಸಹಕರಿಸುತ್ತಿಲ್ಲವೇ, ನೋವೇ?
3. ಯಾವಾಗಲೂ ಹೀಗೆಯೇ, ರಜೆಯಲ್ಲಿ ಊರಿಗೆ ಹೋದಾಗ ಬೇರೆಯೇ?
4. ನಿದ್ದೆ ಎಷ್ಟು? ಕುಡಿತ, ಸಿಗರೇಟು ಇದೆಯೇ?
5. ಯಾವ ಕಾಯಿಲೆ, ಯಾವ ಮಾತ್ರೆ?
6. ಹೆಂಗಸರಾದರೆ ಮುಟ್ಟು ಹೇಗಿದೆ?

ಮೂರನೆಯ ಪ್ರಶ್ನೆ ಮುಖ್ಯ. ಕೊಡಗಿನ ಹೋಮ್‌ಸ್ಟೇಯಲ್ಲಿ ಎರಡು ದಿನ ಇದ್ದಾಗ ಎಲ್ಲವೂ ಸರಿಯಿತ್ತು ಎಂದರೆ ಹಾರ್ಮೋನಿಗಿಂತ ಮನೆಯ ದಿನಚರಿಯ ಮೇಲೆ ಅನುಮಾನ ಪಡಬೇಕು. ಅಲ್ಲಿಯೂ ಏನೂ ಅನಿಸಲಿಲ್ಲವೆಂದರೆ ರಕ್ತಪರೀಕ್ಷೆಗೆ ಮೊದಲ ಆದ್ಯತೆ.

ಸುಧಾರಣೆಯನ್ನು ಅಳೆಯುವುದು ಹೇಗೆ?

8 ವಾರ ಬಿಟ್ಟು ಇಬ್ಬರೂ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಅಡುಗೆಮನೆಯಲ್ಲಿ ಹಾದುಹೋಗುವಾಗ ಒಬ್ಬರನ್ನೊಬ್ಬರು ಅಳುಕಿಲ್ಲದೆ ಮುಟ್ಟುತ್ತಿದ್ದೇವೆಯೇ? ಬೇಡ ಎನ್ನುವುದು ಮುನಿಸಿಲ್ಲದೆ ಮುಗಿಯುತ್ತಿದೆಯೇ? ಈ ವಿಷಯವನ್ನು ಮೊದಲಿಗಿಂತ ಸಲೀಸಾಗಿ ಮಾತಾಡುತ್ತಿದ್ದೇವೆಯೇ? ಎರಡಕ್ಕಾದರೂ ಹೌದು ಎಂದಿದ್ದರೆ ದಾರಿ ಸರಿಯಿದೆ, ಸಂಭೋಗದ ಸಂಖ್ಯೆ ಇನ್ನೂ ಹೆಚ್ಚದಿದ್ದರೂ ಮುಂದುವರಿಸಿ. ಮೂರಕ್ಕೂ ಇಲ್ಲ ಎಂದಾದರೆ ಇನ್ನೊಂದು 8 ವಾರ ಕಾಯಬೇಡಿ. ಅದೇ ವಾರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ.